ಮೂರು ಕಂಪ್ಯೂಟರು, ಒಂದು ಕೀಲಿಮಣೆ, ಎರಡು ಕೊಂಬು

ಮನುಷ್ಯನಾಗಿ ಹುಟ್ಟಿದ ಮೇಲೆ ಒಂದಾದರೂ ಜಂಬ ಇರಲೇಬೇಕು ಎಂದು ನಂಬಿದವನು ನಾನು. ಮೀಸೆ ಚೆನ್ನಾಗಿರುವವರು ಅದನ್ನು ತೀಡುತ್ತಲೇ ಆಯುಷ್ಯ ಕಳೆಯುತ್ತಾರೆ. ದನಿ ಚೆನ್ನಾಗಿರುವವರು ಮದುವೆ ಮನೆಯಲ್ಲಿ ಯಾರೂ ಕೇಳದಿದ್ದರೂ ಗಂಟಲು ಸರಿಮಾಡಿಕೊಳ್ಳುತ್ತಾರೆ. ನನ್ನ ಮೀಸೆ ಒಂದು ಕಡೆ ದಟ್ಟ, ಇನ್ನೊಂದು ಕಡೆ ಬರಗಾಲ. ನಾನು ಹಾಡಿದರೆ ಮನೆಯವರು ಯಾರಿಗೆ ಏನಾಯಿತೆಂದು ಅಡುಗೆಮನೆಯಿಂದ ಓಡಿ ಬರುತ್ತಾರೆ. ಹೀಗಾಗಿ ದೇವರು ನನಗೆ ಬೇರೆ ಕಡೆ ಸರಿದೂಗಿಸಿದ. ನನ್ನ ಹತ್ತು ಬೆರಳಿಗೆ ಕಣ್ಣಿನ ಹಂಗಿಲ್ಲ. ರಾಯಚೂರಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಟೈಪಿಂಗ್ ಶಾಲೆ ನಡೆಸಿದವನು ನಾನು. ಆಯುಧಪೂಜೆಯ ದಿನ ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡು ಒಂದು ಹಾಳೆ ಪೂರ್ತಿ ಟೈಪು ಮಾಡಿ ತೋರಿಸುತ್ತಿದ್ದೆ. ಹುಡುಗಿಯರು ಚಪ್ಪಾಳೆ ತಟ್ಟುತ್ತಿದ್ದರು, ಹುಡುಗರು ಕರವಸ್ತ್ರ ತೆಳ್ಳಗಿದೆ ಎಂದು ಪಿಸುಗುಡುತ್ತಿದ್ದರು. ಯಂತ್ರಗಳೆಲ್ಲ ಗುಜರಿ ಸೇರಿ, ಶಾಲೆ ಮುಚ್ಚಿ, ಅದೇ ಜಾಗದಲ್ಲಿ ಅರ್ಜಿ, ಲಗ್ನಪತ್ರಿಕೆ, ಸನ್ಮಾನ ಪತ್ರ ಮಾಡಿಕೊಡುವ ಅಂಗಡಿ ಬಂದರೂ ಜನರಿಗೆ ನಾನು ಇಂದಿಗೂ ಟೈಪಿಂಗ್ ಮಾಸ್ತರನೇ. ಬರೆದದ್ದನ್ನು ತಿರುಗಿ ನೋಡುವುದು ನನ್ನ ಪಾಲಿಗೆ ಊಟ ಮಾಡಿ ಬಾಯಿ ತೆರೆದು ತುತ್ತು ಎಣಿಸಿದ ಹಾಗೆ.

ಅಂಗಡಿ ಎಂದರೆ ದೊಡ್ಡದೇನಲ್ಲ. ಮೂರು ಜನ ನಿಂತರೆ ನಾಲ್ಕನೆಯವರು ಬಾಗಿಲಲ್ಲೇ ನಿಂತು ತಮ್ಮ ಅಹವಾಲು ಹೇಳಬೇಕು. ಅಂಥ ಜಾಗದಲ್ಲಿ ಮೂರು ಕಂಪ್ಯೂಟರು. ಮೊದಲನೆಯದು ಮುದುಕ. ಅದರಲ್ಲಿರುವ ಕನ್ನಡ ಅಕ್ಷರಗಳು ಅದನ್ನು ಬಿಟ್ಟು ಎಲ್ಲಿಗೂ ಬರುವುದಿಲ್ಲ. ಬೇರೆ ಕಂಪ್ಯೂಟರಿಗೆ ಕರೆದೊಯ್ದರೆ ಒಂದೊಂದು ಅಕ್ಷರವೂ ಒಂದೊಂದು ಖಾಲಿ ಡಬ್ಬಿಯಾಗಿ ಕೂತುಬಿಡುತ್ತದೆ. ಅರ್ಜಿಗಳೆಲ್ಲ ಅದರಲ್ಲಿ. ಎರಡನೆಯದು ಆನ್‌ಲೈನ್ ಕೆಲಸಕ್ಕೆ. ಮೂರನೆಯದು ನನ್ನ ಹೆಂಡತಿ ಕಮಲಾಕ್ಷಿಯದು. ಲಗ್ನಪತ್ರಿಕೆಗೆ ಬಳ್ಳಿ, ನವಿಲು, ಕಳಸ ಬಿಡಿಸುವುದು ಅವಳ ಕೆಲಸ. ನಾನು ಬರೆದದ್ದನ್ನು ಓದಿ ತಿದ್ದುವುದೂ ಅವಳದೇ, ಆದರೆ ಅದನ್ನು ನಾವಿಬ್ಬರೂ ಹೊರಗೆ ಹೇಳುತ್ತಿರಲಿಲ್ಲ. ಮೂರು ಪರದೆ, ಮೂರು ಕೀಲಿಮಣೆ, ಮೂರು ಮೌಸು ಸೇರಿ ಮೇಜು ಸಂತೆಯಾಗಿತ್ತು. ಮುದುಕನ ಮೌಸು ಹಿಡಿದು ಕಮಲಾಕ್ಷಿಯ ಪರದೆ ನೋಡುತ್ತಾ, ಬಾಣ ಏಕೆ ಕದಲುತ್ತಿಲ್ಲ ಎಂದು ನಾನು ಬೈದುಕೊಳ್ಳುವುದು ದಿನಾ ನಡೆಯುತ್ತಿತ್ತು. ಒಮ್ಮೆ ಗಿರಾಕಿಯೊಬ್ಬರು ತಮ್ಮ ಬುತ್ತಿಗಂಟನ್ನು ಒಂದು ಕೀಲಿಮಣೆಯ ಮೇಲಿಟ್ಟು ಕೂತಿದ್ದರು. ಅವರು ಎದ್ದು ಹೋಗುವಷ್ಟರಲ್ಲಿ ಬುತ್ತಿ ಹದಿನಾಲ್ಕು ಪುಟ ಟೈಪು ಮಾಡಿತ್ತು.

ನಮ್ಮ ಯಂತ್ರಗಳ ವೈದ್ಯ ಖಾಜಾ ಇದನ್ನೆಲ್ಲ ನೋಡಿ ಕನಿಕರಪಟ್ಟು ಒಂದು ಪುಟ್ಟ ಪೆಟ್ಟಿಗೆ ತಂದ. ಅಂಗೈಯಗಲ, ಮೇಲೆ ಮೂರು ಗುಂಡಿ, ಹಿಂದೆ ಹತ್ತಾರು ವೈರು. ಒಂದೇ ಪರದೆ, ಒಂದೇ ಕೀಲಿಮಣೆ, ಒಂದೇ ಮೌಸು ಇಟ್ಟುಕೊಂಡು ಮೂರು ಕಂಪ್ಯೂಟರನ್ನೂ ಆಳಬಹುದು. ಯಾವ ಗುಂಡಿ ಒತ್ತುತ್ತೀರೋ ಆ ಕಂಪ್ಯೂಟರು ಎದುರಿಗೆ ಬಂದು ನಿಲ್ಲುತ್ತದೆ ಎಂದ. ಇದರ ಹೆಸರು ಕೆವಿಎಂ ಸ್ವಿಚ್ ಎಂದೂ ಹೇಳಿದ. ಯಾವುದೋ ಹೈಸ್ಕೂಲಿನ ಗಣಿತದ ಮಾಸ್ತರರ ಹೆಸರಿದ್ದ ಹಾಗಿದೆ ಎಂದು ಕಮಲಾಕ್ಷಿ ಅಂದಳು. ಹೋಗುವಾಗ ಖಾಜಾ ಇನ್ನೊಂದು ಮಾತು ಹೇಳಿದ: ಕೀಲಿಮಣೆಯ ಎಡಮೂಲೆಯ ಕೀಲಿಯನ್ನು ಎರಡು ಸಲ ತಟ್ಟಿದರೆ ಗುಂಡಿ ಮುಟ್ಟುವುದೇ ಬೇಡ, ತಾನೇ ಚಾಲೂ ಇರುವ ಮುಂದಿನ ಕಂಪ್ಯೂಟರಿಗೆ, ಕೊನೆಯದರಿಂದ ಮತ್ತೆ ಮೊದಲನೆಯದಕ್ಕೆ ಜಿಗಿಯುತ್ತದೆ. ನಾನು ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ. ನಾನಾಗಲೇ ಒಂದು, ಮೂರು, ಎರಡು, ಮೂರು ಎಂದು ಗುಂಡಿ ಒತ್ತುತ್ತಾ ಸ್ವರ್ಗದಲ್ಲಿದ್ದೆ.

ಆ ಮೊದಲ ವಾರದ ನನ್ನ ಸಂಭ್ರಮವನ್ನು ಹೇಳಿದರೆ ನನಗೇ ನಾಚಿಕೆ. ಕೆಲಸವಿಲ್ಲದಿದ್ದರೂ ಗುಂಡಿ ಒತ್ತುತ್ತಿದ್ದೆ. ಅರ್ಜಿಯಿಂದ ನವಿಲಿಗೆ, ನವಿಲಿನಿಂದ ಪಹಣಿಗೆ, ಪಹಣಿಯಿಂದ ಮತ್ತೆ ಅರ್ಜಿಗೆ. ಹತ್ತಿರದ ಅಂಗಡಿಯವರನ್ನು ಕರೆದು ಕೂರಿಸಿ, ಚಹಾ ಕುಡಿಸಿ, ಗುಂಡಿ ಒತ್ತಿ ತೋರಿಸಿದೆ. ಪರಕಾಯ ಪ್ರವೇಶ ಅಂತ ಪುರಾಣದಲ್ಲಿ ಹೇಳುತ್ತಾರಲ್ಲ, ಇದೇ ಅದು ಎಂದೆ. ಕಮಲಾಕ್ಷಿ ಮಾತ್ರ, ಇನ್ನು ಮೇಲೆ ಟೈಪು ಮಾಡುವಾಗ ಒಂದು ಸಲ ತಲೆಯೆತ್ತಿ ಪರದೆ ನೋಡಿ, ಯಾವ ದೇಹದಲ್ಲಿದ್ದೀರಿ ಎಂದು ತಿಳಿದುಕೊಳ್ಳಿ ಎಂದಳು. ನಾನು ನಕ್ಕೆ. ಮೀನಿಗೆ ಯಾರಾದರೂ ನೀರು ನೋಡಿಕೊಂಡು ಈಜು ಅನ್ನುತ್ತಾರೆಯೇ?

ಇಲ್ಲಿ ನನ್ನ ಒಂದು ಚಟವನ್ನು ಒಪ್ಪಿಕೊಳ್ಳಬೇಕು. ಸರಿಯಾದ ಪದ ಹೊಳೆಯದಿದ್ದಾಗ ನನ್ನ ಎಡಗೈ ಕಿರುಬೆರಳು ಕೀಲಿಮಣೆಯ ಮೂಲೆಯನ್ನು ಟಕ್ ಟಕ್ ಎಂದು ತಟ್ಟುತ್ತದೆ. ಒಂದು ಸಲ ಅಲ್ಲ, ಮೂರು ಸಲ ಅಲ್ಲ, ಸರಿಯಾಗಿ ಎರಡು ಸಲ. ಟೈಪಿಂಗ್ ಶಾಲೆಯ ಕಾಲದಿಂದ ಬಂದದ್ದು. ಅಲ್ಲಿ ಆ ಮೂಲೆಯಲ್ಲಿ ಬರೀ ಕಬ್ಬಿಣವಿತ್ತು, ತಟ್ಟಿದರೆ ಯಾರಿಗೂ ನಷ್ಟವಿರಲಿಲ್ಲ.

ಅದೊಂದು ಬೆಳಗ್ಗೆ ಕಮಲಾಕ್ಷಿ ತಂಗಿಯನ್ನು ನೋಡಲು ಯಾಪಲದಿನ್ನಿಗೆ ಹೋಗಿದ್ದಳು. ಎರಡನೆಯ ಕಂಪ್ಯೂಟರು ಖಾಜಾನ ಅಂಗಡಿಯಲ್ಲಿ ಮಲಗಿತ್ತು. ಒಂದು ಮತ್ತು ಮೂರು ಮಾತ್ರ ಇದ್ದವು. ಬಾಗಿಲು ತೆಗೆಯುವಷ್ಟರಲ್ಲಿ ಇಬ್ಬರು ಬಂದು ನಿಂತರು. ಮೊದಲನೆಯವರು ಬೀರಮ್ಮ. ದೇವದುರ್ಗ ತಾಲೂಕಿನ ಗೂಗಲ್ ಎಂಬ ಊರಿನ ಕಡೆಯ ಕುರಿಗಾರ ಮನೆತನದ ಹೆಂಗಸು. ಇಲ್ಲಿ ಮಗಳ ಮನೆಗೆ ಬಂದಿದ್ದಾಗ, ಅವರ ಸರದಾರ ಕಾಣೆಯಾದ ಸುದ್ದಿ ಬಂದಿತ್ತು. ಸರದಾರ ಎಂದರೆ ಅವರ ಟಗರು. ತಾಯಿ ಸತ್ತ ಮರಿಯನ್ನು ಬಾಟಲಿ ಹಾಲು ಕುಡಿಸಿ ಬೆಳೆಸಿದ್ದರಂತೆ. ಕಣ್ಣು ಕೆಂಪಗಾಗಿದ್ದವು. ಪೊಲೀಸ್ ಠಾಣೆಗೆ ಕೊಡಲು ಒಂದು ಅರ್ಜಿ ಬೇಕಿತ್ತು, ಹತ್ತೂವರೆಯ ಬಸ್ಸು ಹಿಡಿಯಬೇಕಿತ್ತು. ಎರಡನೆಯವರು ಸುಜಾತಾ ಟೀಚರ್, ಮಾನ್ವಿಯವರು. ಅವರ ಶಾಲೆಯ ಹೆಡ್‌ಮಾಸ್ತರ್ ವಿರೂಪಾಕ್ಷಪ್ಪನವರು ಅಂದೇ ನಿವೃತ್ತರಾಗುವವರಿದ್ದರು. ಸನ್ಮಾನ ಪತ್ರ ಬರೆಸಿ, ಗಾಜಿನ ಚೌಕಟ್ಟು ಹಾಕಿಸಿ, ಮಧ್ಯಾಹ್ನ ಮೂರಕ್ಕೆ ವೇದಿಕೆಯಲ್ಲಿ ಓದಬೇಕಿತ್ತು. ಆ ಹೆಡ್‌ಮಾಸ್ತರರ ಸಿಟ್ಟನ್ನು ರಾಯಚೂರಿನಲ್ಲಿದ್ದ ನಾವೂ ಕೇಳಿ ಬಲ್ಲೆವು.

ಇಬ್ಬರಿಗೂ ಅವಸರ. ನನಗೆ ಅಂಥ ಹೊತ್ತಿನಲ್ಲೇ ಹುರುಪು. ಒಂದನೆಯ ಗುಂಡಿ ಒತ್ತಿ ಅರ್ಜಿಯ ತಲೆಬರಹ, ಬೀರಮ್ಮನವರ ಹೆಸರು, ಊರು, ‘ನಮ್ಮ ಸರದಾರ ಎಂಬುವನು ಮೊನ್ನೆ ಸಂಜೆಯಿಂದ ಕಾಣೆಯಾಗಿದ್ದು’ ಎಂಬಲ್ಲಿವರೆಗೆ ಹೊಡೆದೆ. ಟಗರು ಎಂದು ಬರೆಯಲಾ ಎಂದು ಕೇಳಿದ್ದಕ್ಕೆ ಬೀರಮ್ಮ ಬೇಡ ಅಂದಿದ್ದರು. ಅವನನ್ನು ಮನೆಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲವಂತೆ. ಆಮೇಲೆ ಮೂರನೆಯ ಗುಂಡಿ ಒತ್ತಿ, ಕಮಲಾಕ್ಷಿ ಬಿಡಿಸಿಟ್ಟಿದ್ದ ಬಂಗಾರದ ಬಳ್ಳಿಯ ನಡುವೆ ವಿರೂಪಾಕ್ಷಪ್ಪನವರ ಹೆಸರು, ಹುಟ್ಟಿದ ಊರು, ಸೇವೆಗೆ ಸೇರಿದ್ದು ಹಾಕಿದೆ. ಮತ್ತೆ ಒಂದಕ್ಕೆ ಬಂದು ಕಣ್ಣು ಮುಚ್ಚಿದೆ. ಹೇಳಿರಮ್ಮ, ಗುರುತು ಏನೇನು ಎಂದೆ. ಬೀರಮ್ಮ ಹೇಳತೊಡಗಿದರು. ಆಹಾ, ಏನು ಹೇಳಿದರು! ಕೊಂಬು ಸುತ್ತಿದ್ದು ಎಲ್ಲಿಂದ, ನಡೆಯುವುದು ಹೇಗೆ, ಸಿಟ್ಟು ಯಾರ ಮೇಲೆ, ಪ್ರೀತಿ ಯಾರ ಮೇಲೆ. ಇಂಥ ಮಾತಿಗೆ ತಕ್ಕ ಮೊದಲ ಪದ ಯಾವುದು ಎಂದು ಯೋಚಿಸಿದೆ. ಟಕ್ ಟಕ್. ಪದ ಹೊಳೆಯಿತು, ಬೆರಳು ಓಡಿದವು. ಅದು ಮುಗಿದ ಕೂಡಲೇ ಸುಜಾತಾ ಟೀಚರ್ ಅವರ ಸರದಿ. ಮೂರನೆಯ ಗುಂಡಿ ಒತ್ತಿದೆ. ಹೊಗಳಿಕೆಗೆ ಎಲ್ಲಿಂದ ಶುರುಮಾಡುವುದು ಎಂದು ಚಾವಣಿ ನೋಡಿದೆ. ಟಕ್ ಟಕ್. ‘ಜ್ಞಾನಸಾಗರರು’ ಎಂಬ ಪದ ಹೊಳೆಯಿತು. ಅದು ನನಗೆ ಯಾವಾಗಲೂ ಹೊಳೆಯುತ್ತದೆ.

ಎರಡೂ ಹಾಳೆ ಹೊರಬಂದವು. ಎರಡರ ತಲೆಬರಹವನ್ನೂ ನೋಡಿದೆ, ಸರಿಯಾಗಿದ್ದವು. ಬೀರಮ್ಮ ಅರ್ಜಿಯನ್ನು ಮಡಿಚಿ ಕುಪ್ಪಸದೊಳಗಿಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದರು. ಸನ್ಮಾನ ಪತ್ರ ಪಕ್ಕದ ಅಂಗಡಿಯಲ್ಲಿ ಗಾಜಿನೊಳಗೆ ಸೇರಿತು. ಗಾಜು ಒಡೆಯದ ಹಾಗೆ ಯಾರಾದರೂ ತೊಡೆಯ ಮೇಲಿಟ್ಟುಕೊಂಡು ಕೂರಬೇಕು, ನೀವೂ ಕಾರ್ಯಕ್ರಮಕ್ಕೆ ಬಂದುಬಿಡಿ ಎಂದು ಸುಜಾತಾ ಟೀಚರ್ ಕರೆದರು. ನನ್ನ ಬರಹವನ್ನು ಮೈಕಿನಲ್ಲಿ ಓದುವುದನ್ನು ಕೇಳುವ ಆಸೆ ಯಾರಿಗಿಲ್ಲ? ಅಂಗಡಿಗೆ ಬೀಗ ಹಾಕಿ ಹೊರಟೆ. ಮಾನ್ವಿಯವರೆಗೂ ಆ ಚೌಕಟ್ಟು ನನ್ನ ತೊಡೆಯ ಮೇಲಿತ್ತು. ಓದಬಹುದಿತ್ತು. ಓದಲಿಲ್ಲ.

ಶಾಲೆಯ ಅಂಗಳ ತುಂಬಿತ್ತು. ಹಳೆಯ ವಿದ್ಯಾರ್ಥಿಗಳು ಮಕ್ಕಳು ಮರಿಗಳೊಂದಿಗೆ ಬಂದಿದ್ದರು. ವಿರೂಪಾಕ್ಷಪ್ಪನವರು ಹಾರ ಹಾಕಿಸಿಕೊಂಡು, ಹಣೆ ತುಂಬ ವಿಭೂತಿ, ಎದುರಿಗಿರುವವರೆಲ್ಲ ಮನೆಪಾಠ ಮಾಡದೆ ಬಂದವರು ಎಂಬ ಹಾಗೆ ನೋಡುತ್ತಾ ಕೂತಿದ್ದರು. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಸುಜಾತಾ ಟೀಚರ್ ಓದತೊಡಗಿದರು. ಹೆಸರಾಯಿತು, ಊರಾಯಿತು. ಆಮೇಲೆ, ‘ಹಣೆಯ ಮೇಲೆ ಬಿಳಿಯ ಗುರುತಿರುತ್ತದೆ’ ಎಂದರು. ಜನ ವಿಭೂತಿ ನೋಡಿ ತಲೆದೂಗಿದರು. ‘ಎದೆ ಅಗಲ, ನಡಿಗೆ ಗತ್ತಿನದು.’ ಚಪ್ಪಾಳೆ ಬಿತ್ತು. ನನಗೆ ಎಲ್ಲೋ ಕೇಳಿದ ಮಾತು ಅನ್ನಿಸಿತು, ಆದರೆ ಒಳ್ಳೆಯ ಸಾಹಿತ್ಯ ಯಾವಾಗಲೂ ಹಾಗೆ ಅನ್ನಿಸುತ್ತದೆ. ಹಾಳೆಯಲ್ಲಿ ‘ಬರುತ್ತಾನೆ’ ಎಂದಿದ್ದಲ್ಲೆಲ್ಲ ಟೀಚರ್ ಓದುತ್ತಲೇ ‘ಬರುತ್ತಾರೆ’ ಎಂದು ತಿದ್ದಿಕೊಂಡು ಹೋಗುತ್ತಿದ್ದರು. ವ್ಯಾಕರಣದ ಮೇಲಿದ್ದ ಅವರ ಕಣ್ಣು ಅರ್ಥದ ಮೇಲೆ ಇರಲಿಲ್ಲ. ‘ಕೊಂಬುಗಳೆರಡೂ ಹಿಂದಕ್ಕೆ ಸುತ್ತಿಕೊಂಡಿದ್ದು’ ಎಂಬಲ್ಲಿ ಮಾತ್ರ ಅವರು ನಿಂತರು.

ಟೀಚರ್ ನನ್ನನ್ನು ನೋಡಿದರು. ನಾನು ಶಾಮಿಯಾನದ ಕಂಬವನ್ನು ನೋಡಿದೆ. ನನ್ನ ಕಿವಿಯೊಳಗೆ ಟಕ್ ಟಕ್ ಎಂಬ ಸಪ್ಪಳ ಕೇಳಿಸಿತು, ಅದರ ಹಿಂದೆಯೇ ಖಾಜಾ ಹೋಗುವಾಗ ಹೇಳಿದ ಮಾತು ನೆನಪಾಗಿ ಬೆಳಗಿನದೆಲ್ಲ ಒಂದೊಂದಾಗಿ ಅರ್ಥವಾಯಿತು. ಹಿಂದಿನ ಗೇಟು ಎಷ್ಟು ದೂರವಿದೆ ಎಂದು ಲೆಕ್ಕ ಹಾಕಿದೆ. ಅಷ್ಟರಲ್ಲಿ ವಿರೂಪಾಕ್ಷಪ್ಪನವರ ಗಂಟಲು ಕೇಳಿಸಿತು.

“ನಿಲ್ಲಸಬ್ಯಾಡ್ರಿ ಟೀಚರ್. ಬರದದ್ದು ಬರದಂಗ ಓದ್ರಿ.”

ಅವರ ಮಾತು ಮೀರಿದವರು ಆ ಶಾಲೆಯಲ್ಲಿ ಯಾರೂ ಇರಲಿಲ್ಲ. ಟೀಚರ್ ಮುಂದುವರಿಸಿದರು. ಗುರುತಿಲ್ಲದವರು ಎದುರು ಬಂದರೆ ತಲೆ ತಗ್ಗಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ಮುನ್ನುಗ್ಗುತ್ತಾರೆ. ಇಲ್ಲಿಯವರೆಗೆ ಮೂವರನ್ನು ಕೆಡವಿರುತ್ತಾರೆ. ಹಿಂದಿನ ಸಾಲಿನಲ್ಲಿ ಒಬ್ಬ ಕಿಸಕ್ಕೆಂದ. ಅದೇ ಸಾಕಾಯಿತು. ಒಡ್ಡು ಒಡೆದ ಕಾಲುವೆಯ ಹಾಗೆ ನಗು ಹರಿಯಿತು. ತಲೆ ನರೆತ ಹಳೆಯ ವಿದ್ಯಾರ್ಥಿಯೊಬ್ಬರು ಎದ್ದು ನಿಂತು, ಕೈಮುಗಿದು, “ಮೂರಲ್ರೀ ಸರ್, ನಾಲ್ಕನೇದಾಂವ ನಾ ಇಲ್ಲೇ ಅದೀನಿ” ಎಂದರು. ಹೆಂಗಸರು ಸೆರಗು ಬಾಯಿಗೆ ಹಿಡಿದರು. ಶಾಮಿಯಾನದ ಹುಡುಗರು ಹಗ್ಗ ಬಿಟ್ಟು ನಕ್ಕರು. ಹೆಡ್‌ಮಾಸ್ತರರು ಮಾತ್ರ ನಗಲಿಲ್ಲ. ಮುಂದೆ ಓದಿ ಎಂದು ಬೆರಳಾಡಿಸಿದರು.

ಮುಂದಿನ ಸಾಲು ಹೀಗಿತ್ತು: ‘ಆದರೆ ಹಿಂಡಿನ ಮರಿಗಳನ್ನು ಎಂದೂ ಹಾಯ್ದವರಲ್ಲ. ಮರಿಗಳೆಲ್ಲ ಕುಡಿದು ಮುಗಿಸುವ ತನಕ ತಾವು ನೀರಿಗೆ ಬಾಯಿ ಹಚ್ಚುವುದಿಲ್ಲ.’ ನಗು ಅಲ್ಲಲ್ಲೇ ನಿಂತಿತು. ಏಕೆಂದು ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಅಡುಗೆಯ ಹೆಣ್ಣುಮಗಳು ಮೆಲ್ಲಗೆ ಹೇಳಿದಳು. ಮಧ್ಯಾಹ್ನದ ಊಟಕ್ಕೆ ಕೊನೆಯ ಮಗು ತಟ್ಟೆ ತೊಳೆಯುವ ತನಕ ಈ ಮನುಷ್ಯ ಕಂಬಕ್ಕೆ ಒರಗಿ ನಿಂತೇ ಇರುತ್ತಿದ್ದರಂತೆ, ಒಂದು ದಿನವೂ ಮೊದಲು ಉಂಡವರಲ್ಲವಂತೆ. ಟೀಚರ್ ಕೊನೆಯ ಸಾಲಿಗೆ ಬಂದಿದ್ದರು. ‘ಇವರಿಲ್ಲದೆ ಹಿಂಡು ದಾರಿ ತಿಳಿಯದೆ ನಿಂತಿರುತ್ತದೆ. ಆದ್ದರಿಂದ ದಯವಿಟ್ಟು ಇವರನ್ನು ನಮಗೆ ಮರಳಿ ಕೊಡಿಸಬೇಕೆಂದು ಕೈಮುಗಿದು ಬೇಡಿಕೊಳ್ಳುತ್ತೇವೆ.’ ಅಷ್ಟು ಓದುವಷ್ಟರಲ್ಲಿ ಅವರ ದನಿ ಒಡೆಯಿತು. ವಿರೂಪಾಕ್ಷಪ್ಪನವರು ಕನ್ನಡಕ ತೆಗೆದು ಶಾಲಿನಿಂದ ಬಹಳ ಹೊತ್ತು ಒರೆಸಿದರು. ಆಮೇಲೆ ಎದ್ದು ನಿಂತು ಹೇಳಿದ್ದು ಇಷ್ಟೇ: “ಇಂಥ ಪತ್ರ ನಾ ಭಾಳ ಓದೀನಿ. ಎಲ್ಲಾದ್ರಾಗೂ ಹೆಸರು ತಗದು ಬ್ಯಾರೆ ಹೆಸರು ಹಾಕಬಹುದು. ಇದ್ರಾಗ ಹಾಕಾಕ ಬರೂದಿಲ್ಲ. ಬರದವರು ನನ್ನ ಕಣ್ಣಿಟ್ಟು ನೋಡ್ಯಾರ.”

ಬರೆದವರು ಯಾರು ಎಂದು ಕೇಳಿದರು. ಓದುಗರೇ, ನಾನು ಎದ್ದು ನಿಂತೆ. ನಿಜ ಹೇಳಬೇಕೆಂದೇ ಎದ್ದದ್ದು. ಆದರೆ ಅಷ್ಟರಲ್ಲಿ ಚಪ್ಪಾಳೆ ಶುರುವಾಗಿತ್ತು, ಯಾರೋ ನನಗೂ ಒಂದು ಶಾಲು ಹೊದಿಸಿದರು, ಶಾಲು ಬೆಚ್ಚಗಿತ್ತು. ಸುಜಾತಾ ಟೀಚರ್ ಹಲ್ಲು ಕಚ್ಚಿಕೊಂಡು ನನ್ನತ್ತ ನಕ್ಕರು. ನಾನು ಗಂಭೀರವಾಗಿ ಕೈಮುಗಿದೆ.

ಊಟಕ್ಕೆ ಕೂತು ಹೋಳಿಗೆ ಮುರಿಯುವಾಗ ಇನ್ನೊಂದು ವಿಷಯ ಹೊಳೆಯಿತು, ಮುರಿದ ತುಂಡನ್ನು ಎಲೆಗೇ ಹಾಕಿದೆ. ಸರದಾರನ ಗುರುತುಗಳು ಇಲ್ಲಿವೆ ಎಂದಾದರೆ ಹೆಡ್‌ಮಾಸ್ತರರ ಹೊಗಳಿಕೆ ಎಲ್ಲಿದೆ? ಬೀರಮ್ಮನ ಕುಪ್ಪಸದಲ್ಲಿದೆ, ಅಲ್ಲ, ಇಷ್ಟೊತ್ತಿಗೆ ಠಾಣೆಯಲ್ಲಿದೆ. ಮಗಳ ಮನೆ ಯಾವ ಓಣಿ ಎಂದು ಕೇಳಿರಲಿಲ್ಲ, ಫೋನ್ ನಂಬರು ಬರೆದುಕೊಂಡಿರಲಿಲ್ಲ. ಮರುದಿನ ಬೆಳಗಿನ ಮೊದಲ ಬಸ್ಸಿಗೇ ದೇವದುರ್ಗದ ಕಡೆ ಹೊರಟೆ. ದಾರಿಯುದ್ದಕ್ಕೂ, ಸುಳ್ಳು ಅರ್ಜಿ ಬರೆದವರಿಗೆ ಏನು ಶಿಕ್ಷೆ ಎಂದು ನನ್ನನ್ನೇ ಕೇಳಿಕೊಂಡೆ. ಟಗರು ಸಿಗದೆ ಹೋದರೆ ಆ ಹೆಂಗಸಿನ ಮುಖ ಹೇಗೆ ನೋಡುವುದು ಎಂಬುದು ಅದಕ್ಕಿಂತ ದೊಡ್ಡ ಚಿಂತೆಯಾಗಿತ್ತು.

ಠಾಣೆಯಲ್ಲಿ ಬೀರಮ್ಮ ಕುರ್ಚಿಯ ಮೇಲೆ ಕೂತು ಬಸಿಯಲ್ಲಿ ಚಹಾ ಕುಡಿಯುತ್ತಿದ್ದರು. ಮೇಜಿನ ಹಿಂದಿದ್ದ ಅಧಿಕಾರಿ ನಾನು ಯಾರೆಂದು ತಿಳಿದ ಕೂಡಲೇ ಅರ್ಜಿಯನ್ನು ನನ್ನ ಕೈಗಿತ್ತು, ಒಂದು ಸಲ ಗಟ್ಟಿಯಾಗಿ ಓದಿ ಎಂದರು. ನನ್ನ ಬರಹವನ್ನು ನಾನೇ ಮೊದಲ ಸಲ ಓದಿದ್ದು ಅಲ್ಲಿ. ‘ನಮ್ಮ ಸರದಾರ ಎಂಬುವನು ಮೊನ್ನೆ ಸಂಜೆಯಿಂದ ಕಾಣೆಯಾಗಿದ್ದು, ಇವರು ಜ್ಞಾನಸಾಗರರು, ಮೃದುಭಾಷಿಗಳು, ಸರಳ ಸಜ್ಜನಿಕೆಯ ಮೂರ್ತಿಗಳು. ಸಾವಿರಾರು ಮಕ್ಕಳ ಬಾಳಿಗೆ ಬೆಳಕಾದ ಇವರ ನಿವೃತ್ತಿ ಜೀವನ ಸುಖಮಯವಾಗಿರಲೆಂದು ಹಾರೈಸುತ್ತೇವೆ.’ ಕಾನ್‌ಸ್ಟೇಬಲ್ ಒಬ್ಬರು ಗೋಡೆಯ ಕಡೆ ತಿರುಗಿ ನಿಂತಿದ್ದರು. ಅವರ ಭುಜ ಕುಣಿಯುತ್ತಿತ್ತು. ವಯಸ್ಸಾದ ಮಾಸ್ತರರು ಯಾರೋ ಮರೆವಿನಿಂದ ದಾರಿ ತಪ್ಪಿದ್ದಾರೆ ಎಂದು ತಿಳಿದು ಠಾಣೆಯವರು ತಕ್ಷಣ ಸುತ್ತಲಿನ ಹಳ್ಳಿಗಳ ಫೋನ್ ಗುಂಪುಗಳಿಗೆಲ್ಲ ಅರ್ಜಿಯನ್ನು ಕಳಿಸಿದ್ದರಂತೆ. ಆಮೇಲೆ ಫೋಟೋ ಇದೆಯೇ ಎಂದು ಕೇಳಿದಾಗ ಬೀರಮ್ಮ ಮೊಬೈಲು ತೆಗೆದು ತೋರಿಸಿದ್ದರು. ಅದನ್ನೂ ಕಳಿಸಿದ್ದಾಯಿತು. ಜ್ಞಾನಸಾಗರನ ಕೊಂಬು ನೋಡಲು ಊರೂರೇ ಮುಗಿಬಿದ್ದಿತ್ತು. ಬೆಳಗಾಗುವಷ್ಟರಲ್ಲಿ ಸಿರವಾರದ ಕಡೆಯಿಂದ ರೈತರೊಬ್ಬರ ಫೋನು ಬಂದಿತ್ತಂತೆ: ನಿಮ್ಮ ಮೃದುಭಾಷಿಗಳು ನಮ್ಮ ಗದ್ದೆಯಲ್ಲಿದ್ದಾರೆ, ಯಾವುದೋ ಹಿಂಡಿನ ಹಿಂದೆ ಬಂದವರು, ಎರಡು ದಿನದಿಂದ ಯಾರನ್ನೂ ಹತ್ತಿರ ಬಿಡುತ್ತಿಲ್ಲ, ದಯವಿಟ್ಟು ಕರೆದೊಯ್ಯಿರಿ. ಬೀರಮ್ಮನ ಅಳಿಯ ಆಗಲೇ ಗಾಡಿ ತೆಗೆದುಕೊಂಡು ಹೋಗಿದ್ದ.

ನಾನು ತಪ್ಪೊಪ್ಪಿಕೊಂಡೆ. ಪೆಟ್ಟಿಗೆ, ಗುಂಡಿ, ಕಿರುಬೆರಳು ಎಲ್ಲ ಹೇಳಿದೆ. ಸರಿಯಾದ ಅರ್ಜಿಯನ್ನು ಬರೆದುಕೊಡುತ್ತೇನೆ ಎಂದೆ. ಬೀರಮ್ಮ ಬಸಿ ಕೆಳಗಿಟ್ಟು, ಆ ಹಾಳೆಯನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡರು.

“ಬ್ಯಾಡ್ರೀ ಯಪ್ಪಾ. ನಮ್ ಸರದಾರನ ಬಗ್ಗಿ ಇಷ್ಟು ಚಂದ ಯಾರೂ ಬರದಿದ್ದಿಲ್ಲ. ಇದಕ್ಕೂ ಒಂದು ಗ್ಲಾಸು ಹಾಕಿಸಿಕೊಡ್ರಿ.”

ಅಂಗಡಿಗೆ ಬಂದು, ತಂಗಿಯ ಊರಿನಿಂದ ಮರಳಿದ್ದ ಕಮಲಾಕ್ಷಿಗೆ ಎಲ್ಲ ಹೇಳಿದೆ. ಸ್ವಲ್ಪ ನನ್ನ ಸಾಹಿತ್ಯದ ಶಕ್ತಿಯನ್ನೂ ಸೇರಿಸಿ ಹೇಳಿದೆ. ಅವಳು ಬೈಯಲಿಲ್ಲ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಓಣಿಯ ಮಹಿಳಾ ಸಂಘಕ್ಕೆ ಈ ಸಲ ತನ್ನನ್ನೇ ಅಧ್ಯಕ್ಷೆ ಮಾಡಿದ್ದಾರೆ, ಭಾನುವಾರ ಸಭೆಯಲ್ಲಿ ಓದಲು ತನ್ನ ಬಗ್ಗೆ ನಾಲ್ಕು ಸಾಲಿನ ಪರಿಚಯ ಬೇಕಂತೆ, ಹೆಡ್‌ಮಾಸ್ತರರ ಕಣ್ಣಲ್ಲಿ ನೀರು ತರಿಸಿದವರು ನೀವು, ನೀವೇ ಬರೆದುಕೊಡಿ ಎಂದಳು. ಅಪಾಯ ಬೇಡವೆಂದು ತಾನೇ ಮೇಜಿನಡಿ ಬಗ್ಗಿ, ಖಾಜಾ ಆಗಲೇ ತಂದಿಟ್ಟಿದ್ದ ಎರಡನೆಯದೂ ಸೇರಿ ಉಳಿದೆರಡು ಕಂಪ್ಯೂಟರಿನ ವೈರುಗಳನ್ನು ಕಿತ್ತಳು. ಒಂದೇ ಕಂಪ್ಯೂಟರು, ಒಂದೇ ಕೀಲಿಮಣೆ, ಕಣ್ಣು ಪರದೆಯ ಮೇಲೆ. ನಾನು ಕೂತೆ. ಬೀರಮ್ಮ ಒಂದು ಟಗರಿನ ಬಗ್ಗೆ ಉಸಿರು ತೆಗೆದುಕೊಳ್ಳದೆ ಒಂದು ಪುಟ ಹೇಳಿದ್ದರು. ನಾನು ಈ ಹೆಂಗಸಿನ ಜೊತೆ ಮೂವತ್ತು ವರ್ಷ ಬಾಳಿದ್ದೇನೆ. ಬೆಳಗ್ಗೆ ಅವಳು ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುತ್ತಾಳೋ ಇಲ್ಲವೋ? ಸಿಟ್ಟು ಬಂದರೆ ಮೊದಲು ಮಾಡುವುದೇನು? ಯಾವ ಬಣ್ಣದ ಸೀರೆ ಅವಳಿಗೆ ಪ್ರಾಣ? ಅರ್ಧ ತಾಸು ಚಾವಣಿ ನೋಡಿದೆ. ಕೊನೆಗೂ ಪದಗಳು ಹೊಳೆದವು. ನಾಲ್ಕು ಸಾಲು ಮುಗಿಸಿ ಹಾಳೆ ಕೊಟ್ಟೆ. ಅವಳು ನಿಂತಲ್ಲೇ ಓದಿದಳು.

“ಮೃದುಭಾಷಿ, ಸರಳ ಸಜ್ಜನಿಕೆಯ ಮೂರ್ತಿ,” ಎಂದಳು. “ಇದು ಯಾರ ಬಗ್ಗಿ ಬರದದ್ರೀ?”

ಬೇರೆ ಕಂಪ್ಯೂಟರಿನಿಂದ ಬಂದಿರಬೇಕು ಎಂದೆ. ಎರಡರ ವೈರುಗಳೂ ಅವಳ ಕೈಯಲ್ಲೇ ಇದ್ದವು.